ಪಕ್ಕೆಗೆ ಒದೆತ ಬಿದ್ದಾಗ ಏನು ಮಾಡಬೇಕು?

ಏಳು ತಿಂಗಳು ತುಂಬುವ ಹೊತ್ತಿಗೆ ಹೊಟ್ಟೆಯೊಳಗಿನ ಮಗು ಸುಮಾರು ಒಂದು ಕಿಲೋ ತೂಗುತ್ತದೆ. ಅಲ್ಲಿಯವರೆಗೆ ಗುಳುಗುಳು ಅನ್ನಿಸುತ್ತಿದ್ದದ್ದು ಈಗ ಸರಿಯಾದ ಒದೆತ. ರಾತ್ರಿ ಊಟ ಮುಗಿಸಿ ಕಾಲು ಚಾಚಿದ ಕೂಡಲೇ ಪಕ್ಕೆಲುಬಿನ ಅಡಿಗೆ ಒಂದು ಗುದ್ದು. ಮಗ್ಗುಲು ಬದಲಿಸಿದರೆ ಮೂತ್ರಕೋಶದ ಮೇಲೆ ಇನ್ನೊಂದು. "ಮಗು ಚುರುಕಾಗಿದೆ, ಖುಷಿಪಡು" ಎಂದು ಆಯಿ, ಅತ್ತೆ ಎಲ್ಲ ಹೇಳುತ್ತಾರೆ. ಖುಷಿಯೇ ಸರಿ. ಆದರೆ ನೋವು ನೋವೇ ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿರುವುದು ನೋವು ತಗ್ಗಿಸುವ ದಾರಿ, ಒದೆತ ನಿಲ್ಲಿಸುವ ದಾರಿಯಲ್ಲ. ಒದೆಯುವ ಮಗುವಿಗಿಂತ ಸುಮ್ಮನಾದ ಮಗುವೇ ವೈದ್ಯರಿಗೆ ಜಾಸ್ತಿ ಚಿಂತೆ. ಹಾಗಾಗಿ ಜಾಗ ಬದಲಿಸಬೇಕಾದವರು ನೀವು, ಮಗುವಲ್ಲ.

ಮೊದಲು, ನೋವು ಎಲ್ಲಿ ಎಂದು ಗುರುತಿಸಿ

36 ವಾರದ ಹೊತ್ತಿಗೆ ಹೆಚ್ಚಿನ ಮಕ್ಕಳು ತಲೆ ಕೆಳಗೆ ಮಾಡಿರುತ್ತವೆ. ಆಗ ಪಾದ ಬರುವುದು ಪಕ್ಕೆಲುಬಿನ ಹತ್ತಿರ. ಎದೆಯ ಕೆಳಗೆ, ಪಕ್ಕೆಯ ಒಂದು ಬದಿಗೆ ಪದೇ ಪದೇ ನೋಯುತ್ತಿದ್ದರೆ ಅದು ಕಾಲಿನ ಕೆಲಸ ಇರಬಹುದು. ಮಗು ಇನ್ನೂ ತಿರುಗದೆ ಕೂತಿದ್ದರೆ ಒದೆತ ಕೆಳಹೊಟ್ಟೆಗೆ, ಮೂತ್ರಕೋಶಕ್ಕೆ ಬೀಳುತ್ತದೆ. ಮೇಲೆ ಪಕ್ಕೆಯಡಿ ತಲೆ ಗಟ್ಟಿ ಉಂಡೆಯಾಗಿ ಕೈಗೆ ಸಿಗುತ್ತದೆ. ಕೊನೆಯ ವಾರಗಳಲ್ಲಿ ತಲೆ ಕೆಳಗಿಳಿದಾಗ ತೊಡೆಸಂದಿಯಲ್ಲಿ ಕರೆಂಟು ಹೊಡೆದ ಹಾಗೆ ಕ್ಷಣಮಾತ್ರ ಚುಚ್ಚುವುದೂ ಉಂಟು. ನಡೆಯುತ್ತಿದ್ದವರು ಅಲ್ಲೇ ನಿಂತುಬಿಡುತ್ತಾರೆ. ಅದು ಬಂದಷ್ಟೇ ಬೇಗ ಹೋಗುತ್ತದೆ.

ಜಾಸ್ತಿ ಒದ್ದರೆ ಗಂಡು ಎನ್ನುವ ಮಾತಿಗೆ ಅರ್ಥವಿಲ್ಲ. ಕಿವಿಗೆ ಹಾಕಿಕೊಳ್ಳಬೇಡಿ.

ಬಗ್ಗಿ ಕೂತಿದ್ದರೆ ನೆಟ್ಟಗಾಗಿ

ಪಕ್ಕೆ ನೋವಿಗೆ ದೊಡ್ಡ ಕಾರಣ ನಾವು ಕೂರುವ ರೀತಿ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲಿನ ದಿನಗಳನ್ನು ನೋಡಿ. ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರ ಬೆನ್ನು ಮುಂದಕ್ಕೆ ಬಾಗಿರುತ್ತದೆ, ಒಂದು ಮಂಡಿ ಹೊಟ್ಟೆಗೆ ತಾಗಿರುತ್ತದೆ, ಎದೆಗೂಡು ಹೊಟ್ಟೆಯ ಮೇಲೆ ಕೂತಿರುತ್ತದೆ. ಕರಾವಳಿಯಲ್ಲಿ ಮೀನು ಕೊಯ್ಯಲು ಕುಕ್ಕರುಗಾಲಲ್ಲಿ ಕೂತರೂ ಇದೇ ಕಥೆ. ಪಕ್ಕೆಲುಬಿಗೂ ಗರ್ಭಕೋಶಕ್ಕೂ ನಡುವೆ ಇರುವ ಅಷ್ಟಿಷ್ಟು ಜಾಗವೂ ಹೋಗುತ್ತದೆ. ಅಲ್ಲಿ ಮಗು ಕಾಲು ಚಾಚಿದರೆ ನೋಯದೆ ಇರುತ್ತದೆಯೇ? ಏಳನೇ ತಿಂಗಳ ನಂತರ ಈ ಕೆಲಸ ಬೇರೆಯವರಿಗೆ ಬಿಡಿ. ಬಿಡಲು ಆಗದಿದ್ದರೆ ತರಕಾರಿ, ಮೀನನ್ನು ಎತ್ತರದ ಕಟ್ಟೆಯ ಮೇಲಿಟ್ಟು ಚಾಕುವಿನಿಂದ ಕೊಯ್ಯಿರಿ. ಸೊಂಟದ ಹಿಂದೆ ದಿಂಬು ಕೊಟ್ಟು ಕುರ್ಚಿಯಲ್ಲಿ ಕೂತುಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ಜಗಲಿಯಲ್ಲಿ ನಾಲ್ಕು ಹೆಜ್ಜೆ ಹಾಕಿ.

ಒದೆತ ಬಿದ್ದು ನೋವು ಹಿಡಿದೇಬಿಟ್ಟರೆ ಹೀಗೆ ಮಾಡಿ. ಎದ್ದು ನಿಲ್ಲಿ. ಯಾವ ಬದಿ ನೋಯುತ್ತಿದೆಯೋ ಆ ಬದಿಯ ಕೈಯನ್ನು ತಲೆಯ ಮೇಲೆ ಎತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಳ್ಳುತ್ತಾ ಇನ್ನೊಂದು ಬದಿಗೆ ಸ್ವಲ್ಪ ಬಾಗಿ. ಬಾಯಿಯಿಂದ ಉಸಿರು ಬಿಡಿ. ನಾಲ್ಕೈದು ಸಲ ಸಾಕು. ಪಕ್ಕೆಲುಬು ಮೇಲೇರಿ ಒಳಗೆ ಜಾಗವಾಗುತ್ತದೆ. ಇನ್ನೊಂದು ಕೈಗೆ ಗೋಡೆಯ ಆಸರೆ ಇರಲಿ, ಹೊಟ್ಟೆ ದೊಡ್ಡದಾದಾಗ ಆಯ ತಪ್ಪುವುದು ಸುಲಭ.

ಅದಕ್ಕೂ ಬಗ್ಗದಿದ್ದರೆ ಚಾಪೆಯ ಮೇಲೆ ಅಂಗೈ, ಮಂಡಿ ಊರಿ ಅಂಬೆಗಾಲಿನ ಭಂಗಿಯಲ್ಲಿ ಎರಡು ನಿಮಿಷ ಇರಿ. ಭಾರ ಮುಂದಕ್ಕೆ ಜೋತುಬೀಳುವುದರಿಂದ ಬೆನ್ನಿಗೂ ಮೂತ್ರಕೋಶಕ್ಕೂ ಬಿಡುವು ಸಿಗುತ್ತದೆ. ಮಂಡಿ ನೋವಿದ್ದವರು ಮೇಜಿನ ಮೇಲೆ ಮೊಣಕೈ ಊರಿ ಮುಂದಕ್ಕೆ ವಾಲಿದರೂ ಆದೀತು.

ಪಾದ ಕೈಗೆ ಸಿಗುತ್ತಿದ್ದರೆ ಅಂಗೈಯಿಂದ ಮೆತ್ತಗೆ ಸವರಬಹುದು. ಕೆಲವೊಮ್ಮೆ ಮಗು ಕಾಲು ಎಳೆದುಕೊಳ್ಳುತ್ತದೆ, ಕೆಲವೊಮ್ಮೆ ತಿರುಗಿ ಒದೆಯುತ್ತದೆ! ಒತ್ತುವುದು, ತಿಕ್ಕುವುದು, ಎಣ್ಣೆ ಹಚ್ಚಿ ಮಗುವನ್ನು ತಿರುಗಿಸಲು ಹೋಗುವುದು ಮಾತ್ರ ಬೇಡ.

ರಾತ್ರಿ ಮಲಗುವ ಕ್ರಮ

ಹಗಲಿಗಿಂತ ರಾತ್ರಿ ಒದೆತ ಜಾಸ್ತಿ ಅನ್ನಿಸುತ್ತದೆ. ಸಂಜೆಯಿಂದ ರಾತ್ರಿಯವರೆಗೆ ಮಗು ಹೆಚ್ಚು ಚುರುಕಾಗಿರುವುದು ನಿಜ. ಜತೆಗೆ, ಹಗಲು ಓಡಾಟದಲ್ಲಿ ಗಮನಕ್ಕೆ ಬಾರದ್ದು ಸುಮ್ನೆ ಮಲಗಿದಾಗ ಗೊತ್ತಾಗುತ್ತದೆ.

28 ವಾರದ ನಂತರ ಅಂಗಾತ ಮಲಗಿ ನಿದ್ದೆ ಹೋಗಬೇಡಿ. ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಡ ಮಗ್ಗುಲು ಒಳ್ಳೆಯದು, ಬಲ ಮಗ್ಗುಲೂ ತಪ್ಪಲ್ಲ. ಒದೆತ ಬೀಳುವ ಬದಿ ಮೇಲಿರುವಂತೆ ಮಲಗಿ ನೋಡಿ. ಮಂಡಿಗಳ ನಡುವೆ ಒಂದು ದಿಂಬು. ಹೊಟ್ಟೆಯ ಅಡಿಗೆ ಹಳೆಯ ಕಾಟನ್ ಸೀರೆ ಮಡಚಿ ಇಟ್ಟರೆ ಸಾಕು, ಅಂಗಡಿಯ ದುಬಾರಿ ದಿಂಬು ಬೇಕಿಲ್ಲ. ಬೆನ್ನಿಗೆ ಕಂಬಳಿ ಸುತ್ತಿ ಇಟ್ಟರೆ ನಿದ್ದೆಗಣ್ಣಲ್ಲಿ ಅಂಗಾತವಾಗುವುದು ತಪ್ಪುತ್ತದೆ. ನಡುರಾತ್ರಿ ಎಚ್ಚರವಾದಾಗ ಅಂಗಾತವಾಗಿದ್ದರೆ ಗಾಬರಿ ಬೇಡ, ಮಗ್ಗುಲಾಗಿ ಮಲಗಿದರಾಯಿತು.

ಹೊಟ್ಟೆಗೆ ಏನು, ಮೈಗೆ ಏನು

ಮೂತ್ರಕೋಶ ತುಂಬಿದ್ದಾಗ ಒದೆತ ಇನ್ನೂ ಜೋರಾಗಿ ತಾಗುತ್ತದೆ. ಹಾಗಾಗಿ ಕಟ್ಟಿಕೊಳ್ಳದೆ ಆಗಾಗ ಹೋಗಿಬನ್ನಿ. ಅದಕ್ಕೆಂದು ನೀರು ಕುಡಿಯುವುದನ್ನು ಬಿಡಬೇಡಿ. ಕಾರವಾರ, ಕುಮಟಾದ ಏಪ್ರಿಲ್-ಮೇ ಸೆಕೆಯಲ್ಲಂತೂ ನೀರು ಕಡಿಮೆಯಾದರೆ ಉರಿಮೂತ್ರ ಶುರುವಾಗುತ್ತದೆ.

ಊಟ ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಆಗಲಿ. ಹೊಟ್ಟೆ ಬಿರಿಯೆ ಉಂಡ ಮೇಲೆ ಪಕ್ಕೆಗೆ ಒದೆತ ಬಿದ್ದರೆ ಹುಳಿತೇಗು, ಎದೆಯುರಿ ಎಲ್ಲ ಒಟ್ಟಿಗೆ ಬರುತ್ತವೆ. ರಾತ್ರಿ ಕುಚಲಕ್ಕಿ ಗಂಜಿ, ತಂಬುಳಿ ಹಗುರ. ಅಪ್ಪೆಹುಳಿ ಮಧ್ಯಾಹ್ನಕ್ಕಿರಲಿ. ಒದೆತ ಕಡಿಮೆಯಾಗಲಿ ಎಂದು ಉಪವಾಸ ಇರುವವರೂ ಇದ್ದಾರೆ. ಅದು ಬೇಡವೇ ಬೇಡ.

ಬಿಸಿ ನೀರಿನ ಸ್ನಾನ ಹಾಯೆನಿಸುತ್ತದೆ. ಆದರೆ ಬಚ್ಚಲ ಹಂಡೆಯ ಕುದಿನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಮನೆಯಲ್ಲಿ ಮೈಕೈ ನೋವಿಗೆಂದು ಇಟ್ಟಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ 20 ವಾರದ ನಂತರ ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದು.

ನಿಮ್ಮ ಮಗುವಿನ ರೂಢಿ ತಿಳಿದುಕೊಳ್ಳಿ

ಒಂಬತ್ತನೇ ತಿಂಗಳಲ್ಲಿ ಮಗು ಸುಮ್ಮನಾಗುತ್ತದೆ ಎನ್ನುವ ಮಾತು ನಮ್ಮಲ್ಲಿ ಬಹಳ. ಇದು ಅಪಾಯದ ಮಾತು. ಜಾಗ ಇಕ್ಕಟ್ಟಾಗಿ ಒದೆತದ ಬದಲು ಹೊರಳಾಟ, ಉಜ್ಜಾಟ ಹೆಚ್ಚಬಹುದು. ಆದರೆ ಮಿಸುಕಾಟ ಕಡಿಮೆಯಾಗಬಾರದು. ಮಗು ಒಮ್ಮೆಗೆ 20ರಿಂದ 40 ನಿಮಿಷ ನಿದ್ದೆ ಮಾಡುತ್ತದೆ, ಒಂದೂವರೆ ಗಂಟೆ ದಾಟುವುದು ಅಪರೂಪ. ಮಾಮೂಲಿಗಿಂತ ಕಡಿಮೆ ಅನ್ನಿಸಿದರೆ ಎಡ ಮಗ್ಗುಲಾಗಿ ಮಲಗಿ, ಫೋನು ಬದಿಗಿಟ್ಟು ಎಣಿಸಿ. ಎರಡು ಗಂಟೆಯಲ್ಲಿ 10 ಸಲ ಆಡದಿದ್ದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಒಂದೂ ಸಲ ಆಡುತ್ತಿಲ್ಲ ಅನ್ನಿಸಿದರೆ ಎಣಿಸುತ್ತ ಕೂರುವುದೂ ಬೇಡ.

ಇದು ಒದೆತದ ನೋವಲ್ಲ

ಒದೆತದ ನೋವು ಬರುತ್ತದೆ, ನೀವು ಸರಿದು ಕೂತರೆ ಹೋಗುತ್ತದೆ. ಹೋಗದೆ ಉಳಿಯುವ ನೋವು ಬೇರೆ. ಬಲಪಕ್ಕೆಯ ಅಡಿ ಬಿಡದ ನೋವು, ಜತೆಗೆ ತಲೆಸಿಡಿತ, ಕಣ್ಣು ಮಂಜು, ಮುಖ-ಕೈ ಊತ ಇದ್ದರೆ ಬಿಪಿ ಏರಿರಬಹುದು. ಇದನ್ನು ಮಗುವಿನ ಕಾಲು ಎಂದುಕೊಂಡು ಸುಮ್ಮನಿರುವುದೇ ದೊಡ್ಡ ತಪ್ಪು. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಸಡಿಲವಾಗದಿರುವುದು, ರಕ್ತ ಹೋಗುವುದು, ನೀರು ಸೋರುವುದು, ಜ್ವರ, 37 ವಾರಕ್ಕೆ ಮೊದಲೇ ಲೆಕ್ಕ ಹಿಡಿದಂತೆ ಬಿಟ್ಟು ಬಿಟ್ಟು ಬರುವ ನೋವು: ಇದರಲ್ಲಿ ಯಾವುದಾದರೂ ಒಂದಿದ್ದರೂ ಕೂಡಲೇ ಹೊರಡಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೊರಡುವುದೇ ಒಂದು ಕೆಲಸ. ಮಳೆಗಾಲದಲ್ಲಿ ದೇವಿಮನೆ ಘಟ್ಟ, ಅರಬೈಲ್ ಘಟ್ಟ ಯಾವಾಗ ಕೈಕೊಡುತ್ತವೆ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಒಳಗಿನ ಹಳ್ಳಿಯವರು ಎಂಟು ತುಂಬಿದ ಮೇಲೆ ಪೇಟೆಯ ನೆಂಟರ ಮನೆಗೆ ಬಂದಿರುವುದು ಒಳ್ಳೆಯದು. ತಾಯಿ ಕಾರ್ಡ್ ಕೈಗೆ ಸಿಗುವಲ್ಲಿರಲಿ. 108ರ ಜತೆಗೆ ಆಶಾ ಕಾರ್ಯಕರ್ತೆಯ ನಂಬರು, ಊರಲ್ಲಿ ರಾತ್ರಿ ಗಾಡಿ ತೆಗೆಯುವವರ ನಂಬರು ಬರೆದಿಡಿ, ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಎಂಬುದನ್ನೂ ನೋಡಿಟ್ಟುಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಂದು ಕೇಳಬೇಕಾದ್ದು ಮೂರು: ಮಗು ಯಾವ ಕಡೆ ತಲೆ ಮಾಡಿದೆ, ನನ್ನ ಬಿಪಿ ಎಷ್ಟಿದೆ, ನೋವಾದರೆ ಯಾವ ಮಾತ್ರೆ ತಗೊಳ್ಳಬಹುದು.