ಮೀನು ಹೊಂಡಕ್ಕೆ ಕಬ್ಬಿನ ರಚ್ಚು ಕಟ್ಟುವುದು ಹೇಗೆ?

ಮರಿ ಬಿಟ್ಟ ತಿಂಗಳೊಳಗೆ ನೀರು ಕೆಟ್ಟಿತು ಎಂದು ಅಂಗಡಿಗೆ ಓಡುವವರನ್ನು ಮದ್ದೂರು, ಪಾಂಡವಪುರದ ಕಡೆ ಬೇಕಾದಷ್ಟು ನೋಡಿದ್ದೇನೆ. ಒಂದು ಪ್ಯಾಕೆಟ್ ಬ್ಯಾಕ್ಟೀರಿಯಾ ಪುಡಿ ತಂದು ಸುರಿಯುತ್ತಾರೆ. ವಾರ ಕಳೆದರೂ ನೀರು ಹಾಗೇ ಇರುತ್ತದೆ. ಒಳ್ಳೆ ಬ್ಯಾಕ್ಟೀರಿಯಾಗೆ ಅಂಟಿಕೊಂಡು ಕೂರಲು ಜಾಗ ಬೇಕು, ಜೊತೆಗೆ ಆಮ್ಲಜನಕ ಬೇಕು. ಅವೆರಡೂ ಇಲ್ಲದಿದ್ದರೆ ಪುಡಿಗೆ ಹಾಕಿದ ದುಡ್ಡು ದಂಡ. ಆ ಜಾಗವನ್ನು ಆಲೆಮನೆಯಲ್ಲಿ ರಸ ಹಿಂಡಿ ಉಳಿದ ರಚ್ಚಿನಿಂದಲೇ ಮಾಡಿಕೊಡಬಹುದು.

ಇದು ನನ್ನ ಊಹೆಯಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಸಂಶೋಧಕರು ಕಬ್ಬಿನ ರಚ್ಚು, ಭತ್ತದ ಹುಲ್ಲು, ಒಣಗಿದ ಅಂತರಗಂಗೆ ಮೂರನ್ನೂ ನೀರಿಗಿಟ್ಟು ಹೋಲಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೆಂಡೆ ಜಾತಿಯ ಮೀನುಗಳು ರಚ್ಚು ಇದ್ದಲ್ಲೇ ಚೆನ್ನಾಗಿ ಬೆಳೆದಿದ್ದವು.

ಮೊದಲು ಹೊಂಡ. ಒಣಗಿಸಿ, ನಾರುವ ಕಪ್ಪು ಕೆಸರು ಎತ್ತಿ, ಸುಣ್ಣ ಹಾಕಿ, ನೀರು ತುಂಬಿಸಿ. ನಾಲೆಯಲ್ಲಿ ಕಟ್ಟುಪದ್ಧತಿಯ (ಸರದಿಯಂತೆ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸುವ) ನೀರು ಬಂದಾಗ ತುಂಬಿಸುವುದಾದರೆ ತೂಬಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಬೋರ್‌ವೆಲ್ ನೀರಾದರೆ ಎತ್ತರದಿಂದ ಬೀಳಿಸಿ.

ಎರಡನೆಯದು ರಚ್ಚು ಹದ ಮಾಡುವುದು. ಹೆಚ್ಚಿನವರು ಎಡವುವುದು ಇಲ್ಲೇ. ಹಸಿ ರಚ್ಚಿನಲ್ಲಿ ಸಿಹಿ ಉಳಿದಿರುತ್ತದೆ. ಹಾಗೇ ಹೊಂಡಕ್ಕೆ ಎಸೆದರೆ ಬ್ಯಾಕ್ಟೀರಿಯಾ ಒಮ್ಮೆಲೇ ಹೆಚ್ಚಿ, ರಾತ್ರಿ ಕಳೆಯುವುದರೊಳಗೆ ನೀರಿನ ಆಮ್ಲಜನಕ ಖಾಲಿ ಮಾಡುತ್ತದೆ. ಬೆಳಗ್ಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿರುತ್ತದೆ. ಆದ್ದರಿಂದ ರಚ್ಚನ್ನು ತೊಟ್ಟಿಯಲ್ಲಿ ನೆನೆಸಿ, ನೀರು ಬದಲಿಸಿ ತೊಳೆದು, ಬಿಸಿಲಿಗೆ ಒಣಗಿಸಿ. ಕೈಯಲ್ಲಿ ಹಿಂಡಿದರೆ ಅಂಟಬಾರದು, ಹುಳಿ ವಾಸನೆ ಇರಬಾರದು. ಬೂಷ್ಟು ಹಿಡಿದದ್ದನ್ನು ಬಿಟ್ಟುಬಿಡಿ.

ಆಮೇಲೆ ತೋಳಿನಷ್ಟು ದಪ್ಪದ ಕಟ್ಟು ಮಾಡಿ. ಬಿಗಿಯಾಗಿ ಸುತ್ತಬೇಡಿ. ನಡುವೆ ನೀರು ಆಡದಿದ್ದರೆ ಒಳಗಿನ ರಚ್ಚು ಕಪ್ಪಾಗಿ ಕೊಳೆಯುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅಡ್ಡಲಾಗಿ ಕಟ್ಟಿದ ಬಿದಿರು ಗಳದಿಂದ ಕಟ್ಟುಗಳನ್ನು ಇಳಿಬಿಡಿ. ತಳದ ಕೆಸರಿಗೆ ತಾಗಬಾರದು, ಮೇಲೆ ತೇಲಲೂಬಾರದು. ತೇಲಿದರೆ ಕೆಳಗೊಂದು ಕಲ್ಲು ಕಟ್ಟಿ. ಒಂದೇ ದಿನ ಹೊಂಡದ ತುಂಬ ಕಟ್ಟಬೇಡಿ. ಒಂದು ಸಾಲು ಕಟ್ಟಿ, ಸೂರ್ಯ ಹುಟ್ಟುವ ಮುಂಚೆ ಹೋಗಿ ಆಮ್ಲಜನಕ ಅಳೆಯಿರಿ. ಲೀಟರಿಗೆ 4 ಮಿಲಿಗ್ರಾಂ ಮೇಲಿದ್ದರೆ ಮುಂದಿನ ಸಾಲು. ಇಲ್ಲದಿದ್ದರೆ ನೀರಿಗೆ ಗಾಳಿ ಬೆರೆಸುವ ಏರೇಟರ್ ಯಂತ್ರ ಹಾಕಿ, ಸಾಲು ಹೆಚ್ಚಿಸಬೇಡಿ.

ಕೆಲವು ದಿನ ಬಿಟ್ಟು ರಚ್ಚಿನ ಎಳೆಯೊಂದನ್ನು ಬೆರಳಲ್ಲಿ ಉಜ್ಜಿ ನೋಡಿ. ಲೋಳೆ ಲೋಳೆ ಆಗಿರುತ್ತದೆ. ಅದೇ ಬ್ಯಾಕ್ಟೀರಿಯಾ ಪೊರೆ. ಅದರ ಮೇಲೆ ಪಾಚಿ, ಸಣ್ಣ ಜೀವಿಗಳು ಸೇರಿಕೊಳ್ಳುತ್ತವೆ. ರೋಹು ಅದನ್ನು ಕೆರೆದು ತಿನ್ನುತ್ತದೆ. ಕಾಟ್ಲಾ ಮೇಲ್ಪದರದಲ್ಲಿ ತೇಲುವ ಜೀವಿಗಳನ್ನು ತಿನ್ನುವ ಮೀನು, ಅದಕ್ಕೆ ಈ ಪೊರೆಯಿಂದ ಅಷ್ಟು ಲಾಭವಿಲ್ಲ. ನನ್ನ ಸಲಹೆ ಕೇಳಿದರೆ ರಚ್ಚು ಕಟ್ಟಿದ ಹೊಂಡಕ್ಕೆ ರೋಹು ಮರಿಯನ್ನೇ ಜಾಸ್ತಿ ಬಿಡಿ.

ಈ ಪೊರೆ ನೀರನ್ನೂ ಕಾಯುತ್ತದೆ. ಮೀನು ತಿಂದ ಹಿಂಡಿಯ ಸಾರಜನಕದಲ್ಲಿ ಹೆಚ್ಚಿನ ಪಾಲು ಅಮೋನಿಯಾ ಆಗಿ ನೀರಿಗೇ ಬರುತ್ತದೆ. ರಚ್ಚಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಹಾಗಾಗಿ ಅದರ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ತನಗೆ ಬೇಕಾದ ಸಾರಜನಕವನ್ನು ನೀರಿನ ಅಮೋನಿಯಾದಿಂದ ಎಳೆದುಕೊಳ್ಳುತ್ತದೆ. ಇನ್ನೊಂದು ಗುಂಪು ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಆದರೆ ಅದು ನಿಧಾನ, ಹೊಸ ಹೊಂಡದಲ್ಲಿ ನೆಲೆಯೂರಲು ವಾರಗಟ್ಟಲೆ ಬೇಕು. ಅಷ್ಟು ದಿನ ಹಿಂಡಿ, ತೌಡು ಕಡಿಮೆ ಕೊಡಿ.

ಅಂಗಡಿ ಪುಡಿಯ ವಿಷಯಕ್ಕೆ ಬರೋಣ. ಬ್ಯಾಸಿಲಸ್ ಜಾತಿ ಬೀಜಕಣವಾಗಿ ಒಣಗಿ ಬದುಕುತ್ತದೆ, ಅದನ್ನು ಕೊಂಡರೆ ಪರವಾಗಿಲ್ಲ. ಅಮೋನಿಯಾ ತಿನ್ನುವ ನೈಟ್ರೊಸೊಮೋನಾಸ್ ಬೀಜಕಣ ಕಟ್ಟುವುದಿಲ್ಲ. ಬಿಸಿಲು ಬೀಳುವ ಅಂಗಡಿ ಕಪಾಟಿನಲ್ಲಿ ತಿಂಗಳುಗಟ್ಟಲೆ ಇದ್ದ ಒಣ ಪುಡಿಯಲ್ಲಿ ಅದು ಜೀವಂತ ಇದೆ ಅಂದರೆ ನಾನಂತೂ ನಂಬುವುದಿಲ್ಲ, ಕೊಳ್ಳುವುದೂ ಇಲ್ಲ.

ಮೀನಿರುವ ಹೊಂಡಕ್ಕೆ ಸುಟ್ಟ ಸುಣ್ಣವನ್ನಂತೂ ಸುರಿಯಲೇಬೇಡಿ. ಅದು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಒಮ್ಮೆಲೇ ಏರಿಸುತ್ತದೆ. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ಶೇ 1ಕ್ಕಿಂತ ಕಡಿಮೆ. ಪಿಎಚ್ 9 ಆದರೆ ಅದೇ ಅಮೋನಿಯಾದಲ್ಲಿ ಶೇ 40ರ ಆಸುಪಾಸು ವಿಷ. ಸುಣ್ಣ ಬೇಕೇ ಬೇಕೆಂದರೆ ಕೃಷಿ ಸುಣ್ಣವನ್ನು ಸ್ವಲ್ಪ ಸ್ವಲ್ಪ ಹಾಕಿ. ಪರ್ಮಾಂಗನೇಟ್, ಬ್ಲೀಚಿಂಗ್ ಪುಡಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಹಾಕಿದಿರೋ, ಕಷ್ಟಪಟ್ಟು ಬೆಳೆಸಿದ ಪೊರೆಯೂ ಹೋಯಿತು.

ಎಳೆ ಮೆತ್ತಗಾಗಿ ಉದುರತೊಡಗಿದರೆ ಕಟ್ಟು ಬದಲಿಸಿ. ಎಲ್ಲವನ್ನೂ ಒಟ್ಟಿಗೆ ತೆಗೆಯಬೇಡಿ. ಅರ್ಧ ಹಳೆಯದು ಉಳಿದರೆ ಹೊಸ ಕಟ್ಟಿಗೆ ಬ್ಯಾಕ್ಟೀರಿಯಾ ಬೇಗ ಹತ್ತುತ್ತದೆ. ಬಲೆ ಎಳೆಯುವ ಹಿಂದಿನ ದಿನ ಗಳ ಸಮೇತ ದಡಕ್ಕೆ ಹಾಕಿ, ಇಲ್ಲದಿದ್ದರೆ ಬಲೆ ಸಿಕ್ಕಿಹಾಕಿಕೊಂಡು ಹರಿಯುತ್ತದೆ. ತೆಗೆದ ರಚ್ಚು ತಿಪ್ಪೆಗೆ ಹೋಗಲಿ, ಮುಂದಿನ ಕಬ್ಬಿಗೆ ಗೊಬ್ಬರವಾಗುತ್ತದೆ.