ಡಾಂಗಲ್ ಕಿತ್ತಿಟ್ಟ ಮೇಲೆ

ನಮ್ಮ ಲೈಬ್ರರಿ ಸಾಫ್ಟ್‌ವೇರಿನ ಜೀವ ಹೆಬ್ಬೆರಳಿನಷ್ಟು ದೊಡ್ಡ ಒಂದು ಡಾಂಗಲ್‌ನಲ್ಲಿತ್ತು. ಕಂಪ್ಯೂಟರಿನ ಹಿಂದೆ ಚುಚ್ಚಿರುತ್ತಿತ್ತು. ಅದನ್ನು ಕಿತ್ತರೆ ಹದಿನಾಲ್ಕು ಸಾವಿರ ಪುಸ್ತಕಗಳ ಪಟ್ಟಿ ತೆರೆಯುತ್ತಲೇ ಇರಲಿಲ್ಲ. ಕಸ ಗುಡಿಸುವಾಗ ಪೊರಕೆ ತಾಗದಿರಲಿ ಅಂತ ನಮ್ಮ ಅಟೆಂಡರ್ ಅದರ ಸುತ್ತ ಒಂದು ರಟ್ಟಿನ ಗೂಡು ಕಟ್ಟಿದ್ದರು. ಅರಿಶಿನ ಕುಂಕುಮ ಇಡುವುದೊಂದು ಬಾಕಿ. ಆಯುಧಪೂಜೆ ದಿನ ಅದೂ ಆಗುತ್ತಿತ್ತು.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನ ಪದವಿ ಕಾಲೇಜಿನಲ್ಲಿ ಲೈಬ್ರರಿಯನ್. 2018ರಲ್ಲಿ ಆ ಸಾಫ್ಟ್‌ವೇರ್ ಬಿಟ್ಟು ಕೋಹಾ ಅನ್ನುವ ಬೇರೆ ಲೈಬ್ರರಿ ಸಾಫ್ಟ್‌ವೇರಿಗೆ ಬಂದೆ. ಕೋಹಾ ಓಪನ್ ಸೋರ್ಸ್. ದುಡ್ಡು ಕೊಡಬೇಕಿಲ್ಲ, ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. "ಓಪನ್ ಸೋರ್ಸ್ ಅಂದ್ರೆ ಸಪೋರ್ಟ್ ಇರಲ್ಲ ಅಲ್ವಾ ಮೇಡಂ?" ಅಂತ ಬೇರೆ ಕಾಲೇಜಿನವರು ಈಗಲೂ ಕೇಳುತ್ತಾರೆ. ಹೌದು ಅಂದರೂ ಸುಳ್ಳಾಗುತ್ತದೆ, ಇಲ್ಲ ಅಂದರೂ ಸುಳ್ಳಾಗುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಹಳೆಯ ಸಾಫ್ಟ್‌ವೇರ್ ಕೆಟ್ಟದ್ದೇನಲ್ಲ. ಬಾರ್‌ಕೋಡ್ ಓದುತ್ತಿತ್ತು, ದಂಡ ಲೆಕ್ಕ ಹಾಕುತ್ತಿತ್ತು. ಮೊದಲ ನಾಲ್ಕೈದು ವರ್ಷ ಸಪೋರ್ಟ್ ಕೂಡ ಚೆನ್ನಾಗಿಯೇ ಇತ್ತು. ಫೋನ್ ಮಾಡಿದರೆ ಬೆಂಗಳೂರಿನಿಂದ ಒಬ್ಬ ಹುಡುಗ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಕೆಲಸ ಮುಗಿಸಿ, ನಮ್ಮ ಕ್ಯಾಂಟೀನಿನಲ್ಲಿ ಊಟ ಮಾಡಿ, ಸಂಜೆ ಬಸ್ಸಿಗೆ ವಾಪಸ್ಸು. ಬಂದ ಪುಸ್ತಕಗಳಿಗೆಲ್ಲ ಕ್ರಮವಾಗಿ ನಂಬರ್ ಕೊಟ್ಟು ಬರೆಯುವ ನಮ್ಮ ಅಕ್ಸೆಷನ್ ರಿಜಿಸ್ಟರಿನಲ್ಲಿ ಯಾವ ನಂಬರ್ ಎರಡು ಸಲ ಬಿದ್ದಿದೆ ಅನ್ನುವುದು ನನಗಿಂತ ಅವನಿಗೆ ಚೆನ್ನಾಗಿ ನೆನಪಿತ್ತು. ಒಂದು ದಿನ ಅವನು ಆ ಕೆಲಸ ಬಿಟ್ಟ. ಅಲ್ಲಿಂದ ದೂರಿಗೊಂದು ಟಿಕೆಟ್ ನಂಬರ್ ಕೊಡುವುದು ಶುರುವಾಯಿತು. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ದುಡ್ಡು ವರ್ಷವರ್ಷ ಏರಿತು, ಫೋನ್ ಎತ್ತುವವರ ಅನುಭವ ವರ್ಷವರ್ಷ ಇಳಿಯಿತು. ಏನೇ ಹೇಳಿ, ಮೊದಲ ಉತ್ತರ ಒಂದೇ: "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಮೇಡಂ."

ನಮ್ಮ ಹತ್ತಿರ ಇದ್ದ ಆವೃತ್ತಿ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ ಓಡುತ್ತಿತ್ತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಸಪೋರ್ಟ್ ನಿಲ್ಲಿಸಿತ್ತು. ಹೊಸ ವಿಂಡೋಸ್‌ಗೆ ಹೋಗಬೇಕಾದರೆ ಹೊಸ ಆವೃತ್ತಿಯನ್ನು ಪೂರ್ತಿ ದುಡ್ಡು ಕೊಟ್ಟು ಮತ್ತೆ ಕೊಳ್ಳಬೇಕು ಅಂದರು. ಇತ್ತ ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್ ತಂಡ ಬರುವ ಮಾತು ನಡೆದಿತ್ತು. ಲೈಬ್ರರಿ ಆಟೊಮೇಷನ್ ಯಾವ ಸಾಫ್ಟ್‌ವೇರಿನಲ್ಲಿ, ಯಾವ ಆವೃತ್ತಿ ಅಂತ ನ್ಯಾಕ್‌ನವರು ಆಗ ಕೇಳುತ್ತಿದ್ದರು. ಪ್ರಿನ್ಸಿಪಾಲರು "ದುಡ್ಡಿಲ್ಲ, ಏನಾದರೂ ಮಾಡಿ" ಅಂದರು. ನಮ್ಮಲ್ಲಿ ಇದನ್ನು ಬಜೆಟ್ ಅಂತ ಕರೆಯುತ್ತಾರೆ.

ಸರಿ, ಬಿಡೋಣ ಅಂತ ತೀರ್ಮಾನಿಸಿ ಕಂಪನಿಗೆ ಫೋನ್ ಮಾಡಿದೆ. "ನಮ್ಮ ಡೇಟಾ ಒಂದು ಫೈಲಿನಲ್ಲಿ ತೆಗೆದುಕೊಡಿ" ಅಂದೆ. "ಆ ಆಪ್ಷನ್ ನಿಮ್ಮ ವರ್ಷನ್‌ನಲ್ಲಿ ಇಲ್ಲ ಮೇಡಂ" ಅಂತ ಉತ್ತರ ಬಂತು. ನನಗೆ ನಿಜವಾಗಿ ಉರಿದದ್ದು ಅವತ್ತು. ಪುಸ್ತಕ ನಮ್ಮವು. ಒಂದೊಂದು ಹೆಸರನ್ನೂ ಕೂತು ಟೈಪ್ ಮಾಡಿದವರು ನಾವು. ಹೊರಗೆ ತೆಗೆಯಲು ಮಾತ್ರ ಬಾಗಿಲೇ ಇಲ್ಲ.

ಕಿಟಕಿ ಇತ್ತು. ವಿಭಾಗವಾರು ರಿಪೋರ್ಟನ್ನು ಪ್ರಿಂಟ್ ಮಾಡುವ ಬದಲು ಫೈಲಿಗೆ ಉಳಿಸಬಹುದು ಅಂತ ಆಕಸ್ಮಿಕವಾಗಿ ಗೊತ್ತಾಯಿತು. ಕನ್ನಡ, ಇತಿಹಾಸ, ವಾಣಿಜ್ಯ ಅಂತ ಇಪ್ಪತ್ತೆರಡು ಸಲ ಉಳಿಸಿ, ಎಲ್ಲವನ್ನೂ ಎಕ್ಸೆಲ್‌ಗೆ ತಂದೆ. ಇಂಗ್ಲಿಷ್ ಪುಸ್ತಕಗಳು ಚೆನ್ನಾಗಿಯೇ ಬಂದವು. ಕನ್ನಡದ್ದು ತೆಗೆದು ನೋಡಿದರೆ ಕಣ್ಣು ಕತ್ತಲೆ. ಆ ಕಾಲದಲ್ಲಿ ನಾವು ಟೈಪ್ ಮಾಡಿದ್ದೆಲ್ಲ ಹಳೆಯ ಆಸ್ಕಿ ಫಾಂಟಿನಲ್ಲಿ. ಒಳಗಿರುವುದು ಇಂಗ್ಲಿಷ್ ಮೊದಲಾದ ಗುರುತುಗಳು, ಅವನ್ನು ಕನ್ನಡದ ಹಾಗೆ ತೋರಿಸುವುದು ಫಾಂಟ್. ಫಾಂಟ್ ತೆಗೆದರೆ 'ಕನ್ನಡ' ಅನ್ನುವ ಪದ ಹೀಗೆ ಕಾಣುತ್ತದೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಯಾವುದೋ ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ.

ಇದನ್ನು ಯೂನಿಕೋಡ್‌ಗೆ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಗೆ ಬದಲಿಸುವ ಪುಟ್ಟ ಪ್ರೋಗ್ರಾಮುಗಳನ್ನು ಕನ್ನಡದವರೇ ಬರೆದು ಉಚಿತವಾಗಿ, ಕೋಡ್ ಸಮೇತ ಬಿಟ್ಟಿದ್ದಾರೆ. ಅವರಿಗೆ ಪುಣ್ಯ ಬರಲಿ. ಹೆಚ್ಚಿನದೆಲ್ಲ ಸರಿಹೋಯಿತು, ಅರ್ಕಾವತ್ತು ಮಾತ್ರ ಕೈಕೊಟ್ಟಿತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಕಣ್ಣಿಗೆ ಕಂಡ ಹಾಗೆ. ಯೂನಿಕೋಡ್‌ನಲ್ಲಿ ಅದು ಅಕ್ಷರಕ್ಕಿಂತ ಮೊದಲು ಬರುವ ರ್, ಬಾಯಲ್ಲಿ ಹೇಳುವ ಹಾಗೆ. ಅಂದರೆ ಅದನ್ನು ಎತ್ತಿ ಹಿಂದಕ್ಕೆ ಇಡಬೇಕು. ಕೆಲವು ಕಡೆ, ಮುಖ್ಯವಾಗಿ ಒತ್ತಕ್ಷರದ ಜೊತೆ ಬಂದಾಗ, ಅದು ತಪ್ಪಿ ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿತ್ತು. ಓಪನ್‌ರಿಫೈನ್ ಅನ್ನುವ ಸಾಫ್ಟ್‌ವೇರಿನಲ್ಲಿ ಒಂದೇ ಥರದ ತಪ್ಪುಗಳನ್ನು ಗುಂಪಾಗಿ ಹಿಡಿದು ತಿದ್ದಿದೆ. ಉಳಿದದ್ದನ್ನು ಕೈಯಲ್ಲೇ ಮಾಡಿದೆ. ಆ ಬೇಸಿಗೆ ರಜೆ ಅದಕ್ಕೇ ಹೋಯಿತು.

ಆಮೇಲೆ ಮಾರ್ಕ್‌ಎಡಿಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಎಕ್ಸೆಲ್ಲನ್ನು ಮಾರ್ಕ್ 21 ದಾಖಲೆಗಳಾಗಿ, ಅಂದರೆ ಲೈಬ್ರರಿ ಸಾಫ್ಟ್‌ವೇರುಗಳು ಪುಸ್ತಕದ ವಿವರ ಓದಿಕೊಳ್ಳುವ ರೂಪಕ್ಕೆ ಮಾಡಿದೆ. ಒಂದು ಮಾತು ಹೇಳಿಬಿಡುತ್ತೇನೆ: ಮಾರ್ಕ್‌ಎಡಿಟ್ ಉಚಿತ, ಆದರೆ ಓಪನ್ ಸೋರ್ಸ್ ಅಲ್ಲ. ಟೆರಿ ರೀಸ್ ಅನ್ನುವ ಅಮೆರಿಕದ ಲೈಬ್ರರಿಯನ್ ಒಬ್ಬರು ಬರೆದದ್ದು, ಕೋಡ್ ಅವರ ಹತ್ತಿರವೇ ಇದೆ. ಪ್ರಪಂಚದ ಎಷ್ಟೋ ಲೈಬ್ರರಿಗಳು ಬಳಸುತ್ತವೆ, ನಾನೂ ಬಳಸಿದೆ. ನನಗೆ ಈ ವಿಷಯದಲ್ಲಿ ಮಡಿ ಮೈಲಿಗೆ ಇಲ್ಲ. ಕೊಟ್ಟ ಡೇಟಾ ವಾಪಸ್ಸು ಸಿಗುತ್ತದಾ ಅಂತ ಮಾತ್ರ ನೋಡುತ್ತೇನೆ.

ವಿಂಡೋಸ್ ಬದಲು ಡೆಬಿಯನ್ ಲಿನಕ್ಸ್ ಹಾಕಿ, ಕೋಹಾ ಇನ್‌ಸ್ಟಾಲ್ ಮಾಡಿ, ದಾಖಲೆಗಳನ್ನು ತುಂಬಿದೆ. ಓಪ್ಯಾಕ್‌ನಲ್ಲಿ, ಅಂದರೆ ಓದುಗರು ಪುಸ್ತಕ ಹುಡುಕುವ ಪುಟದಲ್ಲಿ ಒಂದು ಇಂಗ್ಲಿಷ್ ಹೆಸರು ಹುಡುಕಿದೆ. ಬಂತು! ಖುಷಿಯಲ್ಲಿ 'ವಚನ ಸಾಹಿತ್ಯ' ಅಂತ ಹೊಡೆದೆ. ಸೊನ್ನೆ. 'ವ್ಯಾಕರಣ' ಅಂದೆ. ಸೊನ್ನೆ. ದಾಖಲೆಗಳಂತೂ ಒಳಗಿವೆ, ಬಾರ್‌ಕೋಡ್ ಹಾಕಿದರೆ ಕನ್ನಡದ ಹೆಸರು ಮುದ್ದಾಗಿ ಕಾಣುತ್ತದೆ. ಹುಡುಕಿದರೆ ಇಲ್ಲ.

ಫೋನ್ ಮಾಡೋಣ ಅಂದರೆ ನಂಬರೇ ಇಲ್ಲ. ಕೋಹಾ ಬಳಸುವವರ ಮೇಲಿಂಗ್ ಲಿಸ್ಟ್‌ಗೆ ಒಂದು ಮೇಲ್ ಹಾಕಿದೆ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ: "ಕೋಹಾ ಕೆಲಸ ಮಾಡುತ್ತಿಲ್ಲ. ತುಂಬಾ ಅರ್ಜೆಂಟ್. ದಯವಿಟ್ಟು ಸಹಾಯ ಮಾಡಿ." ಎರಡು ದಿನ ಯಾರೂ ಮಾತಾಡಲಿಲ್ಲ. ದುಡ್ಡು ಕೊಟ್ಟಿದ್ದರೆ ಹೀಗಾಗುತ್ತಿತ್ತಾ ಅಂತ ಬೈದುಕೊಂಡೆ. ಮೂರನೆಯ ದಿನ ಯಾರೋ ಒಬ್ಬರು ನಾಲ್ಕು ಪ್ರಶ್ನೆ ಕಳಿಸಿದ್ದರು. ಯಾವ ಆವೃತ್ತಿ? ಯಾವ ಆಪರೇಟಿಂಗ್ ಸಿಸ್ಟಂ? ನೀವು ಏನು ಮಾಡಿದಿರಿ? ಏನಾಗಬೇಕಿತ್ತು, ಏನಾಯಿತು?

ಉತ್ತರ ಬರೆಯಲು ಕೂತೆ. ಕೋಹಾ 18.05, ಡೆಬಿಯನ್ 9. ಬಾರ್‌ಕೋಡ್‌ನಿಂದ ಸಿಗುತ್ತದೆ, ಶೀರ್ಷಿಕೆಯಿಂದ ಸಿಗುವುದಿಲ್ಲ. ಇಂಗ್ಲಿಷ್ ಶೀರ್ಷಿಕೆ ಸಿಗುತ್ತದೆ, ಕನ್ನಡದ್ದು ಸಿಗುವುದಿಲ್ಲ. ಹುಡುಕಾಟಕ್ಕೆ ಬೇಕಾದ ಪದಸೂಚಿ, ಅಂದರೆ ಇಂಡೆಕ್ಸ್ ಮತ್ತೆ ಕಟ್ಟಿ ನೋಡಿದೆ, ಬದಲಾಗಲಿಲ್ಲ. ಬರೆಯುತ್ತಾ ಬರೆಯುತ್ತಾ ನನಗೇ ಹೊಳೆಯಿತು: ಕೋಹಾ ಕೆಟ್ಟಿಲ್ಲ, ಕನ್ನಡ ಲಿಪಿ ಇಂಡೆಕ್ಸಿಗೆ ಸೇರುತ್ತಿಲ್ಲ. ಹತ್ತು ವರ್ಷ ದುಡ್ಡು ಕೊಟ್ಟು ಪಡೆದ ಸಪೋರ್ಟ್‌ನಲ್ಲಿ ಯಾರೂ ನನಗೆ ಹೀಗೆ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಅಗತ್ಯವೂ ಅವರಿಗಿರಲಿಲ್ಲ. ಅಲ್ಲಿ ನನ್ನ ಕೆಲಸ ದೂರು ಕೊಡುವುದು, ಅಷ್ಟೇ.

ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು. ನಮ್ಮಲ್ಲಿ ಮಧ್ಯರಾತ್ರಿ ಎರಡೂವರೆ ಆದಾಗ ನ್ಯೂಜಿಲೆಂಡಿನಲ್ಲಿ ಬೆಳಗಿನ ಒಂಬತ್ತು. ಯಾರೋ ಆಫೀಸಿಗೆ ಬಂದವರೇ ನನ್ನ ಮೇಲ್ ನೋಡಿ ಬರೆದಿದ್ದರು. ಕೋಹಾದೊಳಗೆ ಹುಡುಕುವ ಕೆಲಸ ಝೀಬ್ರಾ ಅನ್ನುವುದರದ್ದು. ಅದು ಅಕ್ಷರಗಳನ್ನು ಗುರುತಿಸಲು ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಪಟ್ಟಿಯ ಬದಲು ಐಸಿಯು ಬಳಸು ಅಂತ ಒಂದು ಫೈಲಿನಲ್ಲಿ ಎರಡು ಮೂರು ಸಾಲು ಬದಲಿಸಿ, ಇಂಡೆಕ್ಸನ್ನು ಮೊದಲಿನಿಂದ ಕಟ್ಟಬೇಕು. ಆಸ್ಪತ್ರೆಯ ಐಸಿಯು ಅಲ್ಲ. ಇದು ಯೂನಿಕೋಡ್‌ನ ಎಲ್ಲ ಲಿಪಿಗಳಲ್ಲೂ ಪದ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಬಲ್ಲ ಕೋಡ್. ಸಾಲು ಬದಲಿಸಿ, ಇಂಡೆಕ್ಸ್‌ಗೆ ಹಾಕಿ, ಕಾಫಿ ಕುಡಿದು ಬಂದೆ. 'ವಚನ' ಅಂತ ಹೊಡೆದರೆ ಪುಟಗಟ್ಟಲೆ ಬಂತು. ಅಟೆಂಡರನ್ನು ಕರೆದು ತೋರಿಸಿದೆ. "ಇಷ್ಟೊಂದು ಇದ್ವಾ ನಮ್ಮ ಹತ್ರ?" ಅಂದರು.

ನ್ಯೂಜಿಲೆಂಡಿನವರಿಗೆ ಇದರ ಮೇಲೆ ಯಾಕಿಷ್ಟು ಅಕ್ಕರೆ ಅಂತ ಆಮೇಲೆ ತಿಳಿಯಿತು. ಕೋಹಾ ಹುಟ್ಟಿದ್ದೇ ಅಲ್ಲಿ. ಹೊರೊವೆನುವಾ ಅನ್ನುವ ಪ್ರದೇಶದ ಲೈಬ್ರರಿಯವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವ ಹಾಗಿರಲಿಲ್ಲ. 1999ರಲ್ಲಿ ಅವರು ಕಟಿಪೊ ಅನ್ನುವ ಚಿಕ್ಕ ಕಂಪನಿಯಿಂದ ಹೊಸದನ್ನು ಬರೆಸಿದರು. 2000ದ ಜನವರಿ 3ರಂದು ಅದು ಕೆಲಸ ಶುರು ಮಾಡಿತು. ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕೋಹಾ ಅಂದರೆ ಮಾವೊರಿ ಭಾಷೆಯಲ್ಲಿ ಉಡುಗೊರೆ. ಸುಮ್ನೆ ಕೊಟ್ಟು ಮರೆಯುವ ಉಡುಗೊರೆಯಲ್ಲ, ಕೊಡುಕೊಳ್ಳುವ ಸಂಬಂಧ ಇರುವಂಥದ್ದು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಮುಯ್ಯಿ. ಮದುವೆ ಚಪ್ಪರದ ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರಲ್ಲ, ಹೆಸರು, ಊರು, ಎಷ್ಟು ಅಂತ ಬರೆದುಕೊಳ್ಳುತ್ತಾ, ಅದೇ. ವ್ಯತ್ಯಾಸ ಒಂದೇ. ಇಲ್ಲಿ ಹಾಕಿದವರಿಗೇ ತಿರುಗಿ ಹಾಕಬೇಕಿಲ್ಲ, ಯಾರ ಮನೆಯ ಮದುವೆಗಾದರೂ ಸರಿ.

ನನ್ನ ಪಾಲಿನ ಮುಯ್ಯಿ ಅಂತ ಕನ್ನಡ ಅನುವಾದಕ್ಕೆ ಕೈ ಹಾಕಿದೆ. 'ಚೆಕ್‌ಔಟ್' ಅನ್ನುವ ಪದದಲ್ಲೇ ಎಡವಿದೆ. ಕನ್ನಡ ಅಕ್ಷರದಲ್ಲಿ ಹಾಗೇ ಬರೆದರೆ ಲಾಡ್ಜ್ ಖಾಲಿ ಮಾಡಿದ ಹಾಗೆ ಕೇಳುತ್ತದೆ. 'ಎರವಲು' ಶುದ್ಧವಾಗಿದೆ, ಆದರೆ ಕೌಂಟರಿನಲ್ಲಿ ಯಾವ ಹುಡುಗನೂ "ಎರವಲು ಕೊಡಿ" ಅಂದದ್ದು ಕೇಳಿಲ್ಲ. "ಇಶ್ಯೂ ಮಾಡಿ ಮೇಡಂ" ಅಂತಾರೆ. 'ಇಶ್ಯೂ' ಅಂತಲೇ ಬರೆದೆ. ಯಾರಾದರೂ ಮುಂದೆ ತಿದ್ದಿದರೆ ತಿದ್ದಲಿ.

ಇಷ್ಟು ಹೊಗಳಿದ ಮೇಲೆ ಆ ಶನಿವಾರದ ವಿಷಯ ಮುಚ್ಚಿಡಬಾರದು. ಸೆಮಿಸ್ಟರ್ ಪರೀಕ್ಷೆ ಮುಗಿದು ಪುಸ್ತಕ ವಾಪಸ್ಸು ಬರುವ ದಿನಗಳು. ಬೆಳಿಗ್ಗೆ ಬಂದು ನೋಡಿದರೆ ಡೇಟಾಬೇಸ್ ಏಳುತ್ತಲೇ ಇಲ್ಲ. ಬಾಗಿಲಲ್ಲಿ ನಲವತ್ತು ಮಕ್ಕಳ ಸಾಲು. ಕೋಹಾ ಬಳಸುವವರ ಚಾಟ್‌ನಲ್ಲಿ ಕೇಳಿದೆ. ವಾರದ ಕೊನೆ, ಯಾರೂ ಇಲ್ಲ. ಹಳೆಯ ಕಂಪನಿಯಾಗಿದ್ದರೆ ಬೈಯಲಾದರೂ ಒಬ್ಬರು ಸಿಗುತ್ತಿದ್ದರು. ಬೈಯಲು ಯಾರೂ ಸಿಗದೆ ಇರುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಹಳೆಯ ರಿಜಿಸ್ಟರ್ ತೆಗೆದು ಕೈಯಲ್ಲೇ ಬರೆದುಕೊಂಡೆವು. ರಾತ್ರಿ ಚಾಟ್‌ನಲ್ಲಿ ಒಬ್ಬರು ಸಿಕ್ಕರು. "ಲಾಗ್ ಏನು ಹೇಳುತ್ತಿದೆ?" ಅಂತ ಒಂದೇ ಪ್ರಶ್ನೆ. ಲಾಗ್ ಅಂದರೆ ಸರ್ವರ್ ತನ್ನ ಆಗುಹೋಗು ಬರೆದಿಡುವ ಫೈಲ್. ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ಹೇಳುತ್ತಿತ್ತು. ಡೇಟಾ ಹೋದೀತು ಅನ್ನುವ ಹೆದರಿಕೆಗೆ ದಿನಾ ಒಂದು ಬ್ಯಾಕಪ್ ಕಾಪಿ ಅದೇ ಡಿಸ್ಕ್‌ನಲ್ಲಿ ಇಡುತ್ತಾ ಬಂದವಳು ನಾನೇ. ಒಂದನ್ನೂ ಅಳಿಸಿರಲಿಲ್ಲ.

ಆ ಸೋಮವಾರ ಪ್ರಿನ್ಸಿಪಾಲರ ಹತ್ತಿರ ಹೋಗಿ, ಸಪೋರ್ಟ್‌ಗೆ ದುಡ್ಡು ಬೇಕು ಅಂದೆ. "ಉಚಿತ ಅಂದಿದ್ರಲ್ಲ?" ಅಂದರು. ಸಾಫ್ಟ್‌ವೇರ್ ಉಚಿತ ಸಾರ್, ನನ್ನ ನಿದ್ದೆ ಅಲ್ಲ ಅಂದೆ. ಈಗ ಮೈಸೂರಿನ ಒಬ್ಬರು ವರ್ಷಕ್ಕಿಷ್ಟು ಅಂತ ತೆಗೆದುಕೊಂಡು ಸರ್ವರ್ ನೋಡಿಕೊಳ್ಳುತ್ತಾರೆ. ಹಳೆಯ ಎಎಂಸಿಗಿಂತ ಕಡಿಮೆ, ಆದರೆ ಸೊನ್ನೆಯಲ್ಲ. ಇವರು ಸರಿಹೋಗದಿದ್ದರೆ ಇನ್ನೊಬ್ಬರು. ಕೋಹಾ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಹಳೆಯದಕ್ಕೆ ಆ ಕಂಪನಿ ಬಿಟ್ಟರೆ ಗತಿ ಇರಲಿಲ್ಲ.

ಒಂದು ಸಂಜೆ ಕುತೂಹಲಕ್ಕೆ ಎರಡೂ ಲೈಸೆನ್ಸ್ ಓದಿದೆ. ಕೋಹಾದ ಜಿಪಿಎಲ್‌ನಲ್ಲಿ ಯಾವ ವಾರಂಟಿಯೂ ಇಲ್ಲ ಅಂತ ದೊಡ್ಡ ಅಕ್ಷರಗಳಲ್ಲಿದೆ. ಬೀರುವಿನಿಂದ ಹಳೆಯ ಕಂಪನಿಯ ಕರಾರು ಪತ್ರ ತೆಗೆದೆ. ನಾಲ್ಕನೇ ಪುಟದಲ್ಲಿ, ಚಿಕ್ಕ ಅಕ್ಷರದಲ್ಲಿ, ಹೆಚ್ಚೂಕಡಿಮೆ ಅದೇ ಮಾತು.

ಹೋದ ವರ್ಷ ಪಕ್ಕದ ತಾಲ್ಲೂಕಿನ ಕಾಲೇಜಿನಿಂದ ಫೋನ್ ಬಂತು. "ಮೇಡಂ, ಕೋಹಾ ಅಪ್‌ಗ್ರೇಡ್ ಮಾಡಿದೆ. ಕನ್ನಡ ಪುಸ್ತಕ ಒಂದೂ ಸಿಗ್ತಿಲ್ಲ." ಅಪ್‌ಗ್ರೇಡ್ ಮಧ್ಯೆ ಹಳೆಯ ಫೈಲ್ ಇರಲಾ, ಹೊಸದು ಹಾಕಲಾ ಅಂತ ಏನಾದರೂ ಕೇಳಿತಾ ಅಂದೆ. "ಹೂಂ, ಹೊಸದು ಅಂದೆ. ಹೊಸದೇ ಒಳ್ಳೇದಲ್ವಾ?" ಐಸಿಯುಗಾಗಿ ಬದಲಿಸಿದ್ದ ಸಾಲುಗಳ ಮೇಲೆ ಹೊಸ ಫೈಲ್ ಕೂತುಬಿಟ್ಟಿತ್ತು. ಫೋನಿನಲ್ಲೇ ಹೇಳಿಕೊಡಲು ನೋಡಿದೆ. ಅವರಿಗೆ ಧೈರ್ಯ ಸಾಲಲಿಲ್ಲ, "ನೀವೇ ಒಂದ್ಸಲ ಬಂದು ಹೋಗಿ" ಅಂದರು. ಶನಿವಾರ ಬೆಳಗಿನ ಬಸ್ಸಿಗೆ ಹೋದೆ. ಕೆಲಸ ಹತ್ತು ನಿಮಿಷದ್ದು. ಊಟ ಮಾಡದೆ ಕಳಿಸಲ್ಲ ಅಂತ ಅವರ ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಮುದ್ದೆ, ಬಸ್ಸಾರು. ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಅವರ ರಿಜಿಸ್ಟರಿನಲ್ಲಿ ಎರಡು ಸಲ ಬಿದ್ದ ನಂಬರುಗಳನ್ನು ಕೂತು ನೋಡಿದೆವು.