ನಮ್ಮ ನಿಕಾಯದ ಮೌಲ್ಯಗಳನ್ನು ನಾನು ಬರೆದ ಬಗೆ

ಮುಂಬಯಿಯ ವಿಶ್ವವಿದ್ಯಾಲಯವೊಂದರ ವಾಸ್ತುಶಿಲ್ಪ ಮತ್ತು ಕಲಾ ನಿಕಾಯದಲ್ಲಿ ಪಾಠ ಮಾಡುವ ನನಗೆ, ನಿಕಾಯದ ಮೌಲ್ಯಗಳೇನು, ಅದರ ಗುರುತೇನು ಎಂಬುದನ್ನು ಎರಡು ಪುಟಗಳಲ್ಲಿ ಬರೆದುಕೊಡುವ ಕೆಲಸ ಬಂತು. ಮೊದಲ ಕರಡಿನಲ್ಲಿ ಸೃಜನಶೀಲತೆ, ನಾವೀನ್ಯ, ಸುಸ್ಥಿರತೆ, ಸಾಮಾಜಿಕ ಕಳಕಳಿ ಎಂಬ ಪದಗಳನ್ನು ಸಾಲಾಗಿ ಜೋಡಿಸಿದ್ದೆ. ಅದನ್ನು ಓದಿದ ಹಿರಿಯ ಚಿತ್ರಕಲಾ ಅಧ್ಯಾಪಕರೊಬ್ಬರು, ನನ್ನಂತೆಯೇ ಉಡುಪಿ ಕಡೆಯವರು, "ಇದರಲ್ಲಿ ನಮ್ಮ ಸ್ಟುಡಿಯೋ ಎಲ್ಲಿದೆ ಮಾರಾಯ್ರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಒಂದು ಸೆಮಿಸ್ಟರಿನ ಜ್ಯೂರಿಗಳಲ್ಲೆಲ್ಲ, ಅಂದರೆ ವಿದ್ಯಾರ್ಥಿಗಳ ಕೆಲಸವನ್ನು ಅಧ್ಯಾಪಕರು ಎದುರಿಗೇ ವಿಮರ್ಶಿಸುವ ಸಭೆಗಳಲ್ಲೆಲ್ಲ, ಟಿಪ್ಪಣಿ ಪುಸ್ತಕ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತೆ. ಯಾವ ಕೆಲಸವನ್ನು ಹೊಗಳಿದರು ಎಂಬುದನ್ನು ಬಿಟ್ಟು, ಯಾವ ಶೀಟನ್ನು (ನಕ್ಷೆ ಬರೆದ ಹಾಳೆಯನ್ನು) ಯಾವ ಕಾರಣಕ್ಕೆ ಹಿಂದಕ್ಕೆ ಕಳಿಸಿದರು ಎಂಬುದನ್ನಷ್ಟೇ ಬರೆದುಕೊಂಡೆ. ಹೊಗಳಿಕೆ ಆ ದಿನದ ಮನಃಸ್ಥಿತಿಯನ್ನೂ ಅವಲಂಬಿಸುತ್ತದೆ; ಚೆನ್ನಾಗಿ ಕಾಣುವ ಕೆಲಸವನ್ನೂ ಒಪ್ಪದೆ ಮತ್ತೆ ಮಾಡಿಸುವಾಗ ಅಧ್ಯಾಪಕರು ತಾವು ನಿಜವಾಗಿ ನಂಬಿದ್ದನ್ನು ಹೇಳಲೇಬೇಕಾಗುತ್ತದೆ.

ಗಿರಗಾಂವಿನ ಹಳೆಯ ಚಾಳೊಂದರ (ಸಾಲು ಕೋಣೆಗಳ ವಠಾರದ) ಅಳತೆ ತೆಗೆದು ತಂದಿದ್ದ ಎರಡನೆಯ ವರ್ಷದ ವಿದ್ಯಾರ್ಥಿನಿಯ ಎಲಿವೇಷನ್ (ಕಟ್ಟಡದ ಹೊರಮುಖದ ನಕ್ಷೆ) ನೋಡಲು ಅಚ್ಚುಕಟ್ಟಾಗಿತ್ತು, ಆದರೆ ಕೋಣೆಗಳ ಮುಂದಿನ ಗ್ಯಾಲರಿಯ ಮರದ ಕಂಬಗಳೆಲ್ಲ ಒಂದೇ ದಪ್ಪವಾಗಿದ್ದವು. ಒಂದನ್ನು ಅಳೆದು ಉಳಿದವನ್ನು ನಕಲು ಮಾಡಿದ್ದಾಗಿ ಆಕೆಯೇ ಒಪ್ಪಿಕೊಂಡಳು. ಶೀಟು ವಾಪಸಾಯಿತು. ಭಾನುವಾರ ಮತ್ತೆ ಹೋಗಿ ಬಂದವಳ ಹೊಸ ಶೀಟಿನಲ್ಲಿ, ಬುಡ ಕೊಳೆತ ಮೂರು ಕಂಬಗಳ ಜಾಗದಲ್ಲಿ ನಿಲ್ಲಿಸಿದ್ದ ಕಬ್ಬಿಣದ ಪೈಪುಗಳಿದ್ದವು. ಮೆಟ್ಟಿಲಿನ ತಿರುವಿನಲ್ಲಿ ಎಷ್ಟೋ ಜನರ ಅಂಗೈ ತಾಗಿ ಕಟಾಂಜನ ಸವೆದ ತಗ್ಗೂ ಇತ್ತು. ನೇರವಾದ ಸ್ಕೇಲನ್ನು ಅದರ ಮೇಲಿಟ್ಟು ನಡುವಿನ ಆಳವನ್ನು ಅಳೆದಿದ್ದಳು: 8 ಮಿಲಿಮೀಟರ್. ಆ ಸಂಜೆಯೇ ನಾನು ದಾಖಲೆಯ ಮೊದಲ ವಾಕ್ಯವನ್ನು ಬರೆದೆ: "ಇಲ್ಲಿ ಹೋಗಿ ನೋಡದೆ, ಮುಟ್ಟಿ ಅಳೆಯದೆ ಗೆರೆ ಎಳೆಯುವುದಿಲ್ಲ."

ಚಿತ್ರಕಲೆಯವರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಇದೇ ಊರಿನ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಕುಣಿಯುವ ದೇಹವನ್ನು ಕೆಲವೇ ರೇಖೆಗಳಲ್ಲಿ ಹಿಡಿಯುತ್ತಿದ್ದರು, ಅದನ್ನು ಯಾವ ಟೇಪಿನಿಂದ ಅಳೆಯುತ್ತೀರಿ ಎಂದು ಅದೇ ಹಿರಿಯರು ಕೇಳಿದರು. ಅವರ ಮಾತಿನಲ್ಲಿ ಸತ್ಯವಿತ್ತು. ಆದರೆ ಅವರದೇ ತರಗತಿಯಲ್ಲಿ ಕುಳಿತಾಗ, ತಪ್ಪಿದ ಗೆರೆಯನ್ನು ರಬ್ಬರಿನಿಂದ ಅಳಿಸಲು ಅವರು ಬಿಡುವುದಿಲ್ಲವೆಂದು ಕಂಡೆ. ಎಡವಿದ್ದು ಕಾಣಬೇಕು, ಸರಿಯಾದ ಗೆರೆ ಅದರ ಪಕ್ಕದಲ್ಲೇ ಬರಬೇಕು. ಅದು ದಾಖಲೆಯ ಎರಡನೆಯ ವಾಕ್ಯವಾಯಿತು. ಕಟ್ಟಡದಲ್ಲಿ ಬದುಕುವವರಿಗೆ ವಾಸ್ತುಶಿಲ್ಪಿ ಉತ್ತರ ಕೊಡಬೇಕು, ಕಲಾವಿದ ಯಾರಿಗೆ ಕೊಡಬೇಕು ಎಂಬ ಪ್ರಶ್ನೆಯಲ್ಲಿ ಎರಡು ವಿಭಾಗಗಳೂ ಕೊನೆಯವರೆಗೂ ಒಮ್ಮತಕ್ಕೆ ಬರಲಿಲ್ಲ. ಆ ಭಿನ್ನಾಭಿಪ್ರಾಯವನ್ನು ಇದ್ದಂತೆಯೇ ಬರೆದೆ, ಏಕೆಂದರೆ ಅದೂ ನಮ್ಮ ಗುರುತೇ.

ಎರಡೂ ವಿಭಾಗಗಳು ಒಂದೇ ಸೂರಿನಡಿ ಏಕಿರಬೇಕು ಎಂಬುದಕ್ಕೆ ನಗರದ ಚರಿತ್ರೆಯೇ ಆಧಾರವಾಯಿತು. 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯಿಂದ ವಾಸ್ತುಶಿಲ್ಪ ವಿಭಾಗ 1958ರಲ್ಲಿ ಬೇರೆ ಕಾಲೇಜಾಯಿತು. 2023ರಲ್ಲಿ ಆ ಸಂಸ್ಥೆಗಳು ಒಂದೇ ಪರಿಗಣಿತ (ಡೀಮ್ಡ್) ವಿಶ್ವವಿದ್ಯಾಲಯದೊಳಗೆ ಮತ್ತೆ ಸೇರಿದವು. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸದ ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣದ (ಇಂದಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕೆತ್ತನೆ ಕೆಲಸದಲ್ಲಿ ಈ ಕಲಾಶಾಲೆಯ ವಿದ್ಯಾರ್ಥಿಗಳ ಕೈಯಿತ್ತು. ಮೊದಲ ವರ್ಷದವರನ್ನು ನಾವು ಅಲ್ಲಿಗೆ ಕರೆದುಕೊಂಡು ಹೋಗಿ, ಲೋಕಲ್ ರೈಲಿಗೆ ಓಡುವ ಜನರ ನಡುವೆ ನಿಲ್ಲಿಸಿ, ತಲೆಯೆತ್ತಿ ಕಲ್ಲಿನ ಎಲೆಬಳ್ಳಿಗಳನ್ನು ಬರೆಸುತ್ತೇವೆ. ಭಾರ ಹೊರುವ ಕಂಬ ಎಲ್ಲಿ ಮುಗಿಯಿತು, ಶಿಲ್ಪ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಮಕ್ಕಳು ಬಹಳ ಹೊತ್ತು ಸುಮ್ಮನೆ ನೋಡುತ್ತಾರೆ.

ದಾಖಲೆ ಅಂಗೀಕಾರವಾಗಿದೆ. ಈ ವರ್ಷ ಮತ್ತೆ ಜ್ಯೂರಿಗಳಲ್ಲಿ ಕೂರುತ್ತಿದ್ದೇನೆ. ಹುಡುಗರು ಮೊಬೈಲಿನಲ್ಲೇ ಕೋಣೆಯನ್ನು ಸ್ಕ್ಯಾನ್ ಮಾಡಿ ಕೆಲವೇ ನಿಮಿಷಗಳಲ್ಲಿ ಅಳತೆ ತರುತ್ತಾರೆ, ಅದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. "ಮುಟ್ಟಿ ಅಳೆಯದೆ" ಎಂಬ ಮಾತನ್ನು ಉಳಿಸಬೇಕೇ ಎಂದು ಕಿರಿಯ ಸಹೋದ್ಯೋಗಿಗಳು ಕೇಳಿದ್ದಾರೆ. ಉಳಿಸಬೇಕೆಂಬುದೇ ನನ್ನ ನಿಲುವು. ಸ್ಕ್ಯಾನ್ ತಂದವರನ್ನೂ ಸ್ಕೇಲು ಕೊಟ್ಟು ಇನ್ನೊಮ್ಮೆ ಅದೇ ಮೆಟ್ಟಿಲಿಗೆ ಕಳಿಸುತ್ತಿದ್ದೇನೆ.